ನೂರಾ ಹತ್ತು ಹಸಿರು ಪಟ್ಟಿ

ಧಾರವಾಡ ಜಿಲ್ಲೆ ಮೂರು ಹೋಳಾದದ್ದರಿಂದ ಯಾರಿಗೆ ಏನು ಲಾಭವಾಯಿತೋ ಗೊತ್ತಿಲ್ಲ, ಹರ್ತಿಯ ಸಾವಕ್ಕನಿಗಂತೂ ಆಯಿತು. ಹಿಂದಿನ ವರ್ಷ ಧಾರವಾಡದಲ್ಲಿ ನಡೆದ ಗುಡ್ಡಗಾಡು ಓಟದಲ್ಲಿ ಅವಳು ಏಳನೆಯವಳಾಗಿ ಬಂದಿದ್ದಳು. ರಾಜ್ಯಮಟ್ಟಕ್ಕೆ ಕಳಿಸುವುದು ಆರೇ ಮಂದಿಯನ್ನು. ಈ ವರ್ಷ ಆ ಆರು ಮಂದಿಯಲ್ಲಿ ನಾಲ್ವರು ಧಾರವಾಡದಲ್ಲೇ ಉಳಿದರು, ಇಬ್ಬರು ಹಾವೇರಿಯ ಪಾಲಾದರು. ಗದಗ ಎಂಬ ಹೊಸ ಜಿಲ್ಲೆಯಲ್ಲಿ ಅವಳ ಮುಂದೆ ಓಡುವವರು ಯಾರೂ ಉಳಿಯಲಿಲ್ಲ.

"ಜಿಲ್ಲಾ ಒಡದು ನಿನ್ನ ಮುಂದಿನ ಸಾಲು ಖಾಲಿ ಮಾಡ್ಯಾರ ನೋಡು," ಎಂದು ಶಾಲೆಯ ಜವಾನ ಹನಮಪ್ಪ ಅವಳನ್ನು ಕಾಡುತ್ತಿದ್ದ. "ಇನ್ನ ನೀ ನಡಕೋತ ಹೋದರೂ ಪಹಿಲಾ ನಂಬರ."

"ನಡಿಯಾಕ ನಂಗ ಬರೂದಿಲ್ಲಪಾ ಕಾಕಾ," ಎನ್ನುತ್ತಿದ್ದಳು ಸಾವಕ್ಕ.

ಅದು ಸುಳ್ಳಲ್ಲ. ಹರ್ತಿಯಿಂದ ಮುಳಗುಂದಕ್ಕೆ ಬರುವ ಬೆಳಗಿನ ಬಸ್ಸು ವಾರದಲ್ಲಿ ಮೂರು ನಾಲ್ಕು ದಿನ ಅವಳಿಗೆ ತಪ್ಪುತ್ತಿತ್ತು. ತಪ್ಪಿದ ದಿನ ಪಾಟೀಚೀಲವನ್ನು ಬೆನ್ನಿಗೆ ಬಿಗಿದುಕೊಂಡು ಬರಿಗಾಲಲ್ಲಿ ಓಡಿ ಬರುತ್ತಿದ್ದಳು. ಪ್ರಾರ್ಥನೆ ಮುಗಿಯುವುದರೊಳಗೆ ಒಂಬತ್ತನೆಯ ಇಯತ್ತೆಯ ಸಾಲಿನಲ್ಲಿ, ಏನೂ ಆಗಿಲ್ಲದವಳ ಹಾಗೆ ನಿಂತಿರುತ್ತಿದ್ದಳು. ಅವಳ ಉಸಿರು ಅಷ್ಟು ಬೇಗ ಹದಕ್ಕೆ ಬರುವುದನ್ನು ಮೊದಲು ಗಮನಿಸಿದವಳು ಅಮೀರಾ.

ಅಮೀರಾ ಆ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದಳು. ಧಾರವಾಡದಲ್ಲಿ ಎಂ.ಎ. ಓದುವಾಗ ವಿಶ್ವವಿದ್ಯಾಲಯದ ತಂಡದಲ್ಲಿ ಓಡಿದವಳು. ಶಾಲೆಗೆ ಆಟದ ಮಾಸ್ತರರು ಇಲ್ಲದ ಕಾರಣ ಆ ಕೆಲಸವೂ ಅವಳ ಕೊರಳಿಗೇ ಬಿದ್ದಿತ್ತು. ಇಪ್ಪತ್ತಾರು ವರ್ಷ. ಒಂಬತ್ತು ತಿಂಗಳ ಹಿಂದೆ ಅವಳ ಗಂಡ ತಾರೀಖ ಲಕ್ಷ್ಮೇಶ್ವರದಿಂದ ಬರುವಾಗ ಮೋಟಾರಸೈಕಲ್ಲಿನಿಂದ ಬಿದ್ದು ತೀರಿಕೊಂಡಿದ್ದ. ವಿಧವೆಯ ಶೋಕದ ಅವಧಿಯಾದ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೆ ಕಳೆದು ಅವಳು ಮತ್ತೆ ಶಾಲೆಗೆ ಬಂದಳು. ಪಾಠ ಮಾಡಿದಳು, ಹಾಜರಿ ಹಾಕಿದಳು, ಸಾವಕ್ಕ ಓಡುವಾಗ ಗಡಿಯಾರ ಹಿಡಿದು ನಿಂತಳು. ಎಲ್ಲವನ್ನೂ ಕೈಗಳು ಮಾಡುತ್ತಿದ್ದವು. ತಾನು ಓಡುವುದನ್ನು ಮಾತ್ರ ಬಿಟ್ಟಿದ್ದಳು. ಯಾಕೆ ಎಂದು ಯಾರೂ ಕೇಳಲಿಲ್ಲ, ಅವಳೂ ಕೇಳಿಕೊಳ್ಳಲಿಲ್ಲ.

ಹೊಸ ಜಿಲ್ಲೆಯ ಮೊದಲ ಗುಡ್ಡಗಾಡು ಓಟ ಡಿಸೆಂಬರಿನ ಮೊದಲ ಶನಿವಾರ ಎಂದು ಗೊತ್ತಾದಾಗ ಅವಳು ಹರ್ತಿಗೆ ಹೋಗಿ ಸಾವಕ್ಕನ ತಂದೆಯನ್ನು ಕಂಡಳು. ಗವಿಸಿದ್ದಪ್ಪ ಹಿಟ್ಟಿನ ಗಿರಣಿ ನಡೆಸುವವನು. ಹುಬ್ಬಿನ ಮೇಲೆ, ಕಿವಿಯ ಮೇಲೆ ಹಿಟ್ಟು. ಗಿರಣಿ ನಿಲ್ಲಿಸಿ, ಮಾತು ಕೇಳಿಸುವಷ್ಟು ಸದ್ದು ಇಳಿದ ಮೇಲೆ ಅವನು ಹೇಳಿದ:

"ಮುಳಗುಂದಕ್ಕ ಓಡ್ಲಿರಿ ಅಕ್ಕೋರ, ಅದು ಕಣ್ಣಮುಂದಿನ ಹಾದಿ. ಮುಂಡರಗಿ ಕಡೆ ಗುಡ್ಡ ಅಂದರ ನಮಗ ಯಾರ ಗುರ್ತದಾರ? ಒಬ್ಬಾಕಿ ಹೆಂಗ ಹೋದಾಳು?"

"ಒಬ್ಬಾಕಿ ಅಲ್ರಿ. ಮೂವತ್ತು ಹುಡಿಗೇರು ಇರ್ತಾರ."

"ಅವರೆಲ್ಲಾರಕ್ಕಿಂತ ಇಕಿ ಮುಂದ ಓಡ್ತಾಳ ಅಂತ ನೀವ ಹೇಳ್ತೀರಿ. ಹಂಗ ಮುಂದ ಹೋದಮ್ಯಾಲ ಒಬ್ಬಾಕಿನ ಆದಳಲ್ರಿ?"

ಅಮೀರಾಳಿಗೆ ನಗು ಬರಬೇಕಿತ್ತು, ಬರಲಿಲ್ಲ. "ಹಾದಿಗುಂಟ ನಾನ ಗುರ್ತು ಕಟ್ಟತೀನ್ರಿ, ಅರವತ್ತು ಹೆಜ್ಜಿಗೊಂದು. ತಪ್ಪಿಸ್ಕೋಬೇಕಂದರೂ ಆಗಬಾರದು ಹಂಗ. ನನ್ನ ಕೈಯಾಗ ಕೊಡ್ರಿ, ತಿರುಗಿ ನಿಮ್ಮ ಕೈಯಾಗ ತಂದು ಕೊಡ್ತೀನಿ."

ಗವಿಸಿದ್ದಪ್ಪ ಹುಬ್ಬಿನ ಹಿಟ್ಟು ಒರೆಸಿಕೊಂಡ. "ನಿಮ್ಮ ಮಾತಿನ ಮ್ಯಾಲ ಕಳಸ್ತೀನ್ರಿ," ಎಂದ. "ನಾನೂ ಬರ್ತೀನಿ. ಬುತ್ತಿ ಕಟಿಗೊಂಡು ಹೊಳಿದಂಡ್ಯಾಗ ಕುಂತಿರ್ತೀನಿ."

ಓಟದ ಹಾದಿಯನ್ನು ಆರಿಸಿದವನು ಮುಂಡರಗಿ ಕಡೆಯ ಸೋಮೇಶ ಮಾಸ್ತರ. ಕಪ್ಪತಗುಡ್ಡದ ಸಾಲು ತೆಂಕಣಕ್ಕೆ ತಗ್ಗಾಗುತ್ತ ತುಂಗಭದ್ರೆಯ ಹತ್ತಿರ ಹೋಗಿ ಕೂಡ್ರುವ ಜಾಗ ಅದು. ಗುಡ್ಡದ ಬುಡದ ಊರಿನ ಶಾಲೆಯ ಬಯಲಿನಿಂದ ಹೊರಟು, ಹತ್ತಿಯ ಹೊಲಗಳ ನಡುವಿನ ಚಕ್ಕಡಿ ದಾರಿ ದಾಟಿ, ಬಾದೆ ಹುಲ್ಲಿನ ಏರು ಹತ್ತಿದರೆ ಕಣಿವೆ. ಅಲ್ಲಿ ಅಕ್ಕಪಕ್ಕ ಎರಡು ಬಂಡೆ. ಬಂಡೆಗಳ ಹತ್ತಿರ ಬಲಕ್ಕೆ ಹೊರಳಿ ಇಳಿದರೆ ಹಳ್ಳ, ಹಳ್ಳದಗುಂಟ ಹೋದರೆ ಹೊಳೆ. ಹೊಳೆಯ ದಂಡೆಯಲ್ಲಿ ಹುಣಸೆ ಮರದ ಕೆಳಗೆ ಹಗ್ಗ ಕಟ್ಟಿರುತ್ತದೆ, ಅಲ್ಲಿಗೆ ಓಟ ಮುಗಿಯಿತು. ಆರು ಕಿಲೋಮೀಟರು. ಸೋಮೇಶ ಅದನ್ನು ಸೈಕಲ್ಲಿನಿಂದ ಅಳೆದಿದ್ದ. ಗಾಲಿಗೆ ಒಂದು ಚೂರು ಬಟ್ಟೆ ಕಟ್ಟಿ, ಸೈಕಲ್ಲನ್ನು ಗುಡ್ಡಕ್ಕೆ ನೂಕಿಕೊಂಡು ಹೋಗಿ, ಆ ಬಟ್ಟೆ ಎಷ್ಟು ಸಲ ಸುತ್ತು ಬಂತೆಂದು ಎಣಿಸಿಕೊಂಡು.

"ಸುಣ್ಣ ಹಾಕಿದರ ಗುಡ್ಡದ ಗಾಳಿಗೆ ಹಾರಿ ಹೊಕ್ಕೈತ್ರಿ," ಎಂದು ಅವನು ಹೇಳಿದ. "ಅರಿವಿ ಕಟ್ರಿ. ದೂರಿಂದ ಕಾಣೂವಂಥ ಬಣ್ಣ ಇರ್ಲಿ."

ಪೇಟೆಯಿಂದ ಕೆಂಪು ಬಟ್ಟೆ ತರಬೇಕೆಂದು ಅಮೀರಾ ಅಂದುಕೊಳ್ಳುತ್ತಲೇ ಇದ್ದಳು, ತರಲಿಲ್ಲ. ಬುಧವಾರ ನಸುಕಿನಲ್ಲಿ ಬಸ್ಸು ಹಿಡಿಯಬೇಕು. ಮಂಗಳವಾರ ಸಂಜೆ ಟ್ರಂಕು ತೆರೆದು ಒಂದು ಸೀರೆಯನ್ನು ಹೊರಗೆ ತೆಗೆದಳು. ಗಿಳಿಹಸಿರು, ಜರಿಯಂಚು. ತಾರೀಖ ಗದಗಿನಿಂದ ತಂದದ್ದು. ಮಡಿಕೆ ಬಿಚ್ಚಿರಲಿಲ್ಲ.

ಅತ್ತೆ ಅಲ್ಮಾಸಬಿ ಒಲೆಯ ಮುಂದಿನಿಂದಲೇ ನೋಡಿದಳು.

"ಹೊಸಾ ಸೀರಿ ಅದು."

"ಹೌದು."

"ಹರೀತಿ?"

"ಉಡಾವ್ರು ಯಾರದಾರ ಅಮ್ಮಾ?"

ಅಲ್ಮಾಸಬಿ ಹಂಚಿನ ಮೇಲಿನ ರೊಟ್ಟಿ ಇಳಿಸಿ, ಕೈ ಒರೆಸಿಕೊಂಡು ಬಂದು, ಸೀರೆಯ ಇನ್ನೊಂದು ತುದಿ ಹಿಡಿದಳು. ಹೊಸ ಬಟ್ಟೆ ಹರಿಯುವ ಸದ್ದು ಜೋರಾಗಿರುತ್ತದೆ. ಒಬ್ಬರ ಮುಖ ಒಬ್ಬರು ನೋಡದೆ ಅತ್ತೆ ಸೊಸೆ ಇಬ್ಬರೂ ಆ ಸದ್ದು ಮುಗಿಯುವವರೆಗೂ ಹರಿದರು. ಜರಿಯಂಚನ್ನು ಮಾತ್ರ ಅಲ್ಮಾಸಬಿ ಸುರುಳಿ ಸುತ್ತಿ ಎತ್ತಿಟ್ಟಳು. ಎಣಿಸಿದರೆ ನೂರಾ ಹತ್ತು ಪಟ್ಟಿ.

ಬುಧವಾರ ಅಮೀರಾ ಮತ್ತು ಹನಮಪ್ಪ ಗುಡ್ಡ ಹತ್ತಿ ಗಿಡಗಿಡಕ್ಕೆ ಪಟ್ಟಿ ಕಟ್ಟಿದರು. ಹುಲ್ಲು ಒಣಗಿ ಹಳದಿಯಾಗಿದ್ದರಿಂದ ಗಿಳಿಹಸಿರು ಚೆನ್ನಾಗಿ ಎದ್ದು ಕಾಣುತ್ತಿತ್ತು. ಕಣಿವೆಯ ಬಂಡೆಗಳ ಹತ್ತಿರ ನಿಂತಾಗ ಎಡಗಡೆ ಮೇಲೆ, ಒಂದು ಮೈಲಿನಾಚೆ, ಬೆಳ್ಳಗೆ ಏನೋ ಕಂಡಿತು.

"ಏನ್ರಿ ಅಕ್ಕೋರ ಅದು?" ಎಂದ ಹನಮಪ್ಪ.

"ಯಾವುದರ ಗುಡಿ ಇದ್ದೀತು," ಎಂದು ಅಮೀರಾ ಬಲಕ್ಕೆ ಹೊರಳಿದಳು. ಕೊನೆಯ ಪಟ್ಟಿಯನ್ನು ಹುಣಸೆ ಮರಕ್ಕೆ ಕಟ್ಟಿ, ಹೊಳೆಯಲ್ಲಿ ಕಾಲು ತೊಳೆದುಕೊಂಡು, ಸಂಜೆಯ ಬಸ್ಸಿಗೆ ಮುಳಗುಂದಕ್ಕೆ ಬಂದಳು.

ಶನಿವಾರ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಶಾಲೆಯ ಬಯಲಿನಲ್ಲಿ ಸೀಟಿ ಊದಿದರು. ಮೂವತ್ತೊಂದು ಹುಡುಗಿಯರು ಹೊರಟರು. ಅಮೀರಾ ಗಡಿಯಾರ ಹಿಡಿದು ಹೊಳೆಯ ದಂಡೆಯಲ್ಲಿದ್ದಳು, ಹನಮಪ್ಪ ಕಣಿವೆಯ ಬಂಡೆಯ ಹತ್ತಿರ. ಬಂದವರನ್ನೆಲ್ಲ ಬಲಕ್ಕೆ ಕಳಿಸುವುದು ಅವನ ಕೆಲಸ. ಸೋಮೇಶ ಹುಣಸೆ ಮರದ ಕೆಳಗೆ ಮೇಜು ಹಾಕಿಸಿ, ಕಾಗದದ ಮೇಲೆ ಕಲ್ಲಿಟ್ಟು ಕೂತಿದ್ದ. ಸ್ವಲ್ಪ ಆಚೆ ಗವಿಸಿದ್ದಪ್ಪ, ಮೊಣಕಾಲ ಮೇಲೆ ಬುತ್ತಿಯ ಗಂಟು.

ಸಾವಕ್ಕ ಇಪ್ಪತ್ತಾರು ನಿಮಿಷಕ್ಕೆ ಬರಬೇಕು ಎಂಬುದು ಅಮೀರಾಳ ಲೆಕ್ಕ. ಇಪ್ಪತ್ತಾರಾಯಿತು, ಇಪ್ಪತ್ತೆಂಟಾಯಿತು. ಮೂವತ್ತೊಂದಕ್ಕೆ ಹಳ್ಳದ ತಿರುವಿನಲ್ಲಿ ಒಬ್ಬಳು ಕಂಡಳು. ಗವಿಸಿದ್ದಪ್ಪ ಎದ್ದು ನಿಂತು, ಮತ್ತೆ ಕೂತ. ಅವಳು ಸಾವಕ್ಕ ಅಲ್ಲ, ಶಿರಹಟ್ಟಿಯ ಹುಡುಗಿ ಸೀಮಾ. ಹಗ್ಗ ಮುಟ್ಟಿ, ಬಗ್ಗಿ ನಿಂತು, ಉಸಿರು ಬಂದ ಮೇಲೆ ಅವಳು ಕೇಳಿದ ಮೊದಲ ಮಾತು:

"ಆಕಿ ಎಷ್ಟೊತ್ತಿಗೆ ಬಂದಳ್ರಿ?"

"ಯಾರು?"

"ನನ್ನ ಮುಂದಿದ್ದಾಕಿರಿ. ಬರಿಗಾಲಾಕಿ. ಗುಡ್ಡ ಅರ್ಧಾ ಹತ್ತೂದ್ರಾಗ ಕಾಣದಂಗ ಆದ್ಲು."

ಅಮೀರಾ ಗಡಿಯಾರ ಬಿಟ್ಟು ಹಳ್ಳದ ತಿರುವನ್ನೇ ನೋಡತೊಡಗಿದಳು. ಒಬ್ಬೊಬ್ಬರೇ, ಇಬ್ಬಿಬ್ಬರೇ ಹುಡುಗಿಯರು ಬಂದರು. ಎಂಟು ಗಂಟೆಗೆ ಮೂವತ್ತು ಮಂದಿ ಬಂದಿದ್ದರು. ಸೋಮೇಶ ಹೆಸರುಗಳ ಕಾಗದವನ್ನು ಎರಡು ಸಲ ಓದಿದ. ಗವಿಸಿದ್ದಪ್ಪ ಚೀರಲಿಲ್ಲ, ಬೈಯಲಿಲ್ಲ.

"ಇನ್ನೂ ಬರಾವ್ರು ಅದಾರೇನ್ರಿ ಅಕ್ಕೋರ?" ಎಂದು ಮಾತ್ರ ಕೇಳಿದ.

"ಒಬ್ಬಾಕಿ ಅದಾಳ್ರಿ," ಎಂದಳು ಅಮೀರಾ.

ಅಷ್ಟರಲ್ಲಿ ಹನಮಪ್ಪ ಗುಡ್ಡ ಇಳಿದು ಬಂದ. "ಎಲ್ಲಾರೂ ದಾಟಿದ್ರು ನೋಡ್ರಿ, ಮೂವತ್ತು. ಸಾವಕ್ಕ ಪಹಿಲಾ ನಂಬರ ಬಂದ್ಲಿಲ್ರಿ?"

"ನಿನ್ನ ಮುಂದ ಹಾದಳೇನು?"

"ಆಕಿ..." ಹನಮಪ್ಪ ಟೊಪ್ಪಿಗೆ ತೆಗೆದ. "ಆಕೀನ ನಾ ನೋಡಿಲ್ರಿ. ಆಕಿ ಜಲ್ದಿ ದಾಟಿ ಹೋಗಿರಬೇಕು ಅಂತ ನಾ..."

"ನೀ ಎಲ್ಲಿದ್ದಿ?"

"ಒಂದ ಗುಟುಕು ನೀರು ಕುಡಿಯಾಕ ತಗ್ಗಿಗೆ ಇಳದಿದ್ದೆರಿ. ಏಳೂ ಹದಿನೈದಕ್ಕ ಮ್ಯಾಲ ಬಂದ ನಿಂತೀನ್ರಿ. ಅಷ್ಟರೊಳಗ ಆ ಏರು ಯಾವ ಹುಡಗಿ ಹತ್ತೀತ್ರಿ? ಮನಷ್ಯಾರು ಹತ್ತೂದಲ್ಲ ಬಿಡ್ರಿ ಅದು."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಷ್ಟು ಬೇಗ ಬರಬಹುದಾದವಳು ಒಬ್ಬಳೇ ಇದ್ದಳು.

ಸೋಮೇಶ ನಾಲ್ಕು ಮಂದಿಯನ್ನು ಕರೆದುಕೊಂಡು ಹಳ್ಳದ ಆಜೂಬಾಜೂ ಬಾವಿಗಳನ್ನು ನೋಡಲು ಹೋದ. ಬಾವಿ ಎಂಬ ಮಾತನ್ನು ಅವನು ಮೆಲ್ಲಗೆ ಆಡಿದರೂ ಗವಿಸಿದ್ದಪ್ಪನಿಗೆ ಕೇಳಿಸಿತು. ಅಮೀರಾ ಅವನ ಮುಂದೆ ನಿಂತಳು.

"ನೀವು ಹೋಗ್ರಿ," ಎಂದ ಅವನು. "ನಾ ಇಲ್ಲೇ ಕುಂಡ್ರತೀನಿ. ಹಗ್ಗ ಇಲ್ಲೈತಿ ಅಂದಮ್ಯಾಲ ಇಲ್ಲಿಗೇ ಬರಬೇಕಲ್ರಿ ಆಕಿ." ಬುತ್ತಿಯ ಗಂಟನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದ.

ಹಳ್ಳದ ದಾರಿಯಲ್ಲಿ ಪಟ್ಟಿಗಳು ಕಟ್ಟಿದ ಹಾಗೇ ಇದ್ದವು. ಅಮೀರಾ ಒಂದೊಂದನ್ನೂ ಮುಟ್ಟುತ್ತ ಮೇಲೆ ಹತ್ತಿದಳು, ಹಿಂದೆ ಹನಮಪ್ಪ. ಕಣಿವೆ ಇನ್ನೂ ಮುಕ್ಕಾಲು ಮೈಲು ಇದೆ ಎನ್ನುವಾಗ ಪಟ್ಟಿಗಳು ನಿಂತುಹೋದವು. ಮುಂದಿನ ಕಾರಿ ಗಿಡದ ಮೇಲೆ ಇಲ್ಲ, ಅದರ ಮುಂದಿನ ಬಂದರಿಕೆಯ ಮೇಲೂ ಇಲ್ಲ. ದನ ತಿಂದಿದ್ದರೆ ಚೂರಾದರೂ ಉಳಿಯುತ್ತಿತ್ತು. ಗಾಳಿಗೆ ಹರಿದದ್ದೂ ಅಲ್ಲ. ಯಾರೋ ಗಂಟು ಬಿಚ್ಚಿದ್ದರು.

"ಹಿಂದಿನ ಹುಡಿಗೇರು ಹೆಂಗ ಬಂದರು ಮತ್ತ?"

"ನಾ ಕೈ ಮಾಡಿ ತೋರಿಸಿದ್ನೆಲ್ರಿ. ಕಾಲದಾರಿ ಬ್ಯಾರೆ ಐತಿ. ಪಟ್ಟಿ ಯಾರ ನೋಡ್ತಾರ? ನಾನೂ ನೋಡ್ಲಿಲ್ರಿ."

ಸಾವಕ್ಕ ನೋಡುತ್ತಾಳೆ. ಪಟ್ಟಿ ಬಿಟ್ಟು ಒಂದು ಹೆಜ್ಜೆ ಆಚೆ ಹೋಗಬೇಡ ಎಂದು ಅಮೀರಾ ಅವಳಿಗೆ ಎಂಟು ದಿನ ಹೇಳಿದ್ದಳು.

ಕಣಿವೆಗೆ ಬಂದು ಬಂಡೆಯ ಹತ್ತಿರ ನಿಂತಾಗ ಅವಳ ಪಟ್ಟಿ ಅವಳಿಗೆ ಕಂಡಿತು. ಬಲಕ್ಕಲ್ಲ, ಎಡಕ್ಕೆ. ಒಂದು ಗಿಡ ಬಿಟ್ಟು ಒಂದು ಗಿಡಕ್ಕೆ, ನೀಟಾಗಿ, ಅವಳು ಕಟ್ಟಿದ್ದಕ್ಕಿಂತ ಬಿಗಿಯಾಗಿ ಗಿಳಿಹಸಿರು ಪಟ್ಟಿಗಳ ಸಾಲು ಏರುತ್ತ ಹೋಗಿತ್ತು. ಹುಲ್ಲಿನ ಹೊರೆ ಇಳಿಸಿಕೊಂಡು ಒಬ್ಬ ಮುದುಕಿ ಬಂಡೆಯ ನೆರಳಿಗೆ ಕೂತಿದ್ದಳು.

"ಯಾರನ್ನ ಹುಡುಕಾಕತ್ತೀಯವಾ?"

"ಯಮ್ಮಾ, ಇಲ್ಲೆ ಬಲಕ್ಕ ಹಸರ ಪಟ್ಟಿ ಕಟ್ಟಿದ್ದೆ. ಯಾರ ಬಿಚ್ಚಿದರು?"

ಮುದುಕಿಯ ಮುಖ ಅರಳಿತು. "ಅಯ್ಯ, ನೀನ ಏನು ಆಕಿ! ನಾವ ಬಿಚ್ಚೀವಿ ತಗೊ. ಬೇಸ್ತವಾರ ಅಜ್ಜನ ಕಡೆ ಹೊಂಟಿದ್ವಿ, ಏಳೆಂಟು ಹೆಣಮಕ್ಕಳು. ಊರಿಂದ ಹಿಡದು ಇಲ್ಲಿತನಕ ಗಿಡಗಿಡಕ್ಕ ಪಟ್ಟಿ! ಮುಟ್ಟಿ ನೋಡಿದರ ಹೊಸಾ ಸೀರಿ. ಎಂಥಾ ಹರಕಿ ಇದ್ದೀತು, ಉಡದ ಸೀರಿ ಹರದು ಕಟ್ಯಾಳಲ್ಲ ಅಂತ ಮಾತಾಡಿಕೊಂಡ್ವಿ. ಆದರ ಇಲ್ಲಿಗೆ ಬಂದು ಹಾದಿ ತಪ್ಪೀದಿ ನೋಡು. ಬಲಕ್ಕ ಏನೈತಿ? ಹಳ್ಳ ಐತಿ, ಹೊಳಿ ಐತಿ. ಅಜ್ಜ ಇರೂದು ಎಡಕ್ಕ."

ಅಮೀರಾ ಎಡಕ್ಕೆ ನೋಡಿದಳು. ಮೇಲೆ ಬೆಳ್ಳಗೆ ಕಾಣುತ್ತಿದ್ದುದು ಗುಡಿಯಲ್ಲ, ಒಂದು ಸಣ್ಣ ಗುಮ್ಮಟ. ದರ್ಗಾ. ಅಲ್ಲಿ ಮಣ್ಣಾದ ಸಂತನೇ ಇವರ ಅಜ್ಜ.

"ಪರಊರಾಕಿ, ಪಾಪ, ಗೊತ್ತಿಲ್ಲ ಆಕಿಗೆ ಅಂದ್ವಿ," ಮುದುಕಿ ಹೇಳುತ್ತಲೇ ಇದ್ದಳು. "ಹರಕಿ ಅರ್ಧಕ್ಕ ನಿಂತರ ಹೆಂಗ? ಬಲಕಿನವು ಇಪ್ಪತ್ತು ಬಿಚ್ಚಿ ಇತ್ತಾಗ ಕಟ್ಟಿದ್ವಿ. ಸಾಲಲಿಲ್ಲ. ನಾನು ನನ್ನ ಸೆರಗಿಂದು ಹರದೆ, ಅವರು ಅವರವು ಹರದರು. ಅಜ್ಜನ ಬಾಗಲಾತನಕ ಮುಟ್ಟಿಸೀವಿ. ನೀ ಏನೂ ಕಾಳಜಿ ಮಾಡಬ್ಯಾಡ."

"ಅಯ್ಯೋ ಯಮ್ಮಾ, ಅದು ಓಟದ ಗುರ್ತು!" ಎಂದ ಹನಮಪ್ಪ.

"ಯಾವ ಓಟ?"

"ಹುಡಿಗೇರು ಓಡೂದು."

"ಹುಡಿಗೇರು ಗುಡ್ಡದಾಗ ಯಾಕ ಓಡಬೇಕೋ ತಮ್ಮಾ? ಯಾರರ ಬೆನ್ನ ಹತ್ಯಾರೇನು?"

ಅಮೀರಾ ಬಂಡೆಗೆ ಕೈ ಊರಿ ನಿಂತಳು. ಗುಡ್ಡದ ಮೇಲೆ ದರ್ಗಾ, ಅದರ ಕೆಳಗೆ ಸಾಲಾಗಿ ಹಸಿರು ಬಟ್ಟೆ. ಮುಳಗುಂದದ ಯಾವ ಓಣಿಯ ಮುದುಕಿಯನ್ನು ಕೇಳಿದರೂ ಇದಕ್ಕೆ ಹರಕೆ ಎಂಬ ಒಂದೇ ಅರ್ಥ ಹೇಳುತ್ತಾಳೆ. ಸಣ್ಣವಳಿದ್ದಾಗ ತಾನೇ ಅಜ್ಜಿಯ ಕೈ ಹಿಡಿದು ಹೋಗಿ ಇಂಥ ಪಟ್ಟಿ ಕಟ್ಟಿದವಳು. ಅದು ಈಗ, ಇಲ್ಲಿ ಬಂದು ನಿಂತ ಮೇಲೆ ಹೊಳೆಯಬೇಕೆ? ಒಬ್ಬ ತಂದೆಗೆ ಮಾತು ಕೊಟ್ಟು ಬಂದವಳು ಯಾವ ಬಣ್ಣ ಕಟ್ಟುತ್ತಿದ್ದೇನೆ ಎಂದೂ ನೋಡಲಿಲ್ಲ.

"ಯಮ್ಮಾ, ಒಂದು ಹುಡಗಿ ಈ ಪಟ್ಟಿ ಹಿಡಕೊಂಡು ಹೋಗಿರಬೇಕು. ಎರಡು ತಾಸಾತು."

ಮು​ದುಕಿ ನಗು ನಿಲ್ಲಿಸಿ ಎದ್ದಳು. "ನಡಿ ಹಂಗಾರ. ಮ್ಯಾಲ ಮೌಲಾಸಾಬ ಇರ್ತಾನ, ಕೇಳೂಣು." ಹೊರೆಯನ್ನು ಅಲ್ಲೇ ಬಿಟ್ಟು ಅವಳೇ ಮುಂದೆ ಹತ್ತಿದಳು. ಹತ್ತುತ್ತ, ಕೇಳದಿದ್ದರೂ ಹೇಳಿದಳು: ತನ್ನ ಹೆಸರು ಶೇಖವ್ವ, ಅವ್ವ ಈ ಕಣಿವೆ ಅಜ್ಜನಿಗೆ ಬೇಡಿಕೊಂಡ ಮೇಲೆ ಹುಟ್ಟಿದವಳು, ಅಜ್ಜನ ಹಾದಿಯಲ್ಲಿ ಈವರೆಗೆ ಯಾರೂ ಕಳೆದಿಲ್ಲ.

ಹಸಿರು ಪಟ್ಟಿ ಮುಗಿದು ಬೇರೆ ಬಟ್ಟೆ ಶುರುವಾದವು. ಇಳಕಲ್ ಸೆರಗಿನ ಕೆಂಪು, ಮಾಸಿದ ಅರಿಸಿನ ಬಣ್ಣ, ಯಾರದೋ ಕುಪ್ಪಸದ ತೋಳು. ದರ್ಗಾದ ಬಾಗಿಲವರೆಗೆ ಒಂದೂ ತಪ್ಪಿರಲಿಲ್ಲ.

ಅಂಗಳ ಗುಡಿಸುತ್ತಿದ್ದ ಮೌಲಾಸಾಬ ಕಸಬರಿಗೆ ಊರಿಕೊಂಡು ನಿಂತ. ಅಲ್ಲಿ ದೀಪ ಹಚ್ಚಿಕೊಂಡಿರುವ ಎಪ್ಪತ್ತರ ಮುದುಕ.

"ಬಂದಿತ್ತಲ್ಲ, ಬಿರುಗಾಳಿ ಬಂದಂಗ ಬಂತು. 'ಅಜ್ಜಾ, ಹಗ್ಗ ಎಲ್ಲಿ?' ಅಂತು. ಯಾವ ಹಗ್ಗವಾ ಅಂದೆ. 'ಹೊಳಿದಂಡಿ ಹಗ್ಗ' ಅಂತು. ಹೊಳಿ ಅಲ್ಲೈತಲ್ಲ ಅಂತ ಕೈ ಮಾಡಿದೆ. ಕುಂಡ್ರು, ನೀರು ಕುಡಿ ಅನ್ನೂದ್ರಾಗ ಇಲ್ಲ."

"ಯಾವ ಕಡಿಂದ ಇಳದ್ಲು?"

ಅವನು ಕಟ್ಟೆಯ ಹಿಂದಿನ ಇಳುಕಲನ್ನು ತೋರಿಸಿದ. ಅಲ್ಲಿ ಕಾಲುದಾರಿ ಇರಲಿಲ್ಲ. ಜಾಲಿ, ಪಾಪಾಸಕಳ್ಳಿ, ಅದರ ಕೆಳಗೆ ಯಾವ ಕಾಲದಲ್ಲೋ ಕಲ್ಲು ತೆಗೆದು ಬಿಟ್ಟ ಗುಂಡಿಗಳು. ಮಳೆಗಾಲದ ನೀರು ಅವುಗಳಲ್ಲಿ ಇನ್ನೂ ಹಸಿರಾಗಿ ನಿಂತಿತ್ತು.

"ಎಚ್ಚರ ಅಂತ ಒದರಿದೆ," ಎಂದ ಮೌಲಾಸಾಬ. "ಕೇಳಿಸ್ತೋ ಇಲ್ಲೋ."

ಅಮೀರಾ ಕಟ್ಟೆಯ ತುದಿಗೆ ಹೋಗಿ ನಿಂತಳು. ಗುಂಡಿಗಳನ್ನು ಒಂದೊಂದಾಗಿ ನೋಡಿದಳು. ನೀರಿನ ಮೇಲೆ ಏನೂ ಇಲ್ಲ. ಆಚೆ ಜೋಳದ ಹೊಲ, ಕಡಲೆಯ ಹೊಲ, ಅವುಗಳಾಚೆ ತುಂಗಭದ್ರೆ ದೊಡ್ಡದಾಗಿ ಬಾಗಿ ಹೋಗಿತ್ತು. ಉಸುಕಿನ ದಿನ್ನೆಗಳ ಮೇಲೆ ಬೆಳ್ಳಕ್ಕಿಗಳ ಹಿಂಡು. ಯಾರೂ ಇಲ್ಲ. ಒಂದು ಎಮ್ಮೆ ಹಿಂಡು, ಒಂದು ಚಕ್ಕಡಿ. ಈ ಭಯ ಅವಳಿಗೆ ಗೊತ್ತಿತ್ತು. ಒಂಬತ್ತು ತಿಂಗಳ ಹಿಂದೆ, ತಾರೀಖನ ಸುದ್ದಿ ತಂದು ಬಾಗಿಲಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡಾಗಿನದು.

ಆಗ ಹೊಳೆಯ ಕೆಳಗಿನ ಬಾಗಿನಲ್ಲಿ ನಾಲ್ಕೈದು ಬೆಳ್ಳಕ್ಕಿ ಎದ್ದವು.

ಎದ್ದು, ಸುತ್ತು ಹಾಕಿ, ಹಿಂದೆ ಹೋಗಿ ಕೂತವು. ಅವುಗಳ ಮುಂದಿನವು ಎದ್ದವು. ಆಮೇಲೆ ಅವುಗಳ ಮುಂದಿನವು. ದಂಡೆಯಗುಂಟ ಏನೋ ಮೇಲ್ಮುಖವಾಗಿ ಬರುತ್ತಿತ್ತು, ಅದು ಬಂದ ಹಾಗೆ ಹಕ್ಕಿಗಳು ಏಳುತ್ತಿದ್ದವು. ನಡೆಯುವ ಮನುಷ್ಯನಿಗೆ ಹಕ್ಕಿಗಳು ಅಷ್ಟು ಬೇಗ ಒಂದರ ಹಿಂದೊಂದು ಏಳುವುದಿಲ್ಲ. ದನ ಅಷ್ಟು ನೇರ ಬರುವುದಿಲ್ಲ. ಅಮೀರಾ ಕಣ್ಣಿಗೆ ಕೈ ಅಡ್ಡ ಹಿಡಿದಳು. ಸಾಸಿವೆಯಷ್ಟು ಒಂದು ಚುಕ್ಕೆ, ಒಂದೇ ಗತಿಯಲ್ಲಿ, ನಿಲ್ಲದೆ.

"ಯಮ್ಮಾ," ಎಂದಳು. ಶೇಖವ್ವನ ತೋಳು ಹಿಡಿದು, "ಯಮ್ಮಾ, ಅಲ್ಲಿ ನೋಡ್ರಿ. ಓಡಾಕತ್ತಾಳ. ನಡಿಯಾಕ ಬರೂದಿಲ್ಲ ಆಕಿಗೆ."

ಶೇಖವ್ವನಿಗೆ ಚುಕ್ಕೆ ಕಾಣಲಿಲ್ಲ, ಹಕ್ಕಿ ಕಂಡವು. "ನಾ ಹೇಳಿದ್ನೆಲ್ಲ," ಎಂದು ಅವಳು ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತು ಗಟ್ಟಿಯಾಗಿ ನಕ್ಕಳು. ಹನಮಪ್ಪ ಟೊಪ್ಪಿಗೆಯಿಂದ ಮುಖ ಒರೆಸಿಕೊಂಡ.

ಅಮೀರಾ ಹೊರಟಾಗಲೇ ಓಡುತ್ತಿದ್ದಳು. ಯಾವಾಗ ಸೆರಗು ಸೊಂಟಕ್ಕೆ ಬಿಗಿದಳೋ, ಚಪ್ಪಲಿ ಎಲ್ಲಿ ಬಿಟ್ಟಳೋ ಅವಳಿಗೆ ನೆನಪಿಲ್ಲ. ಸೆರಗಿನ ಕೆಂಪು ದಾಟಿತು, ಗಿಳಿಹಸಿರು ದಾಟಿತು, ಬಂಡೆ ದಾಟಿತು. ಪಟ್ಟಿ ಇಲ್ಲದ ಮುಕ್ಕಾಲು ಮೈಲನ್ನು ಕಾಲುಗಳೇ ಹುಡುಕಿಕೊಂಡವು. ಮೊದಲು ಎದೆ ಉರಿಯಿತು, ಪಕ್ಕೆ ಹಿಡಿಯಿತು, ಹಳ್ಳಕ್ಕೆ ಇಳಿಯುವ ಹೊತ್ತಿಗೆ ಉಸಿರು ತನ್ನ ಹಳೆಯ ಲೆಕ್ಕಕ್ಕೆ ಬಂತು. ನಾಲ್ಕು ಹೆಜ್ಜೆಗೆ ಒಳಗೆ, ನಾಲ್ಕು ಹೆಜ್ಜೆಗೆ ಹೊರಗೆ. ನೀರು ಕಾಲಿಗೆ ತಣ್ಣಗೆ ಹತ್ತಿತು. ಬಾವಿ ನೋಡಲು ಹೋದವರು ಎದುರಿಗೆ ಸಿಕ್ಕರು. "ಬರಾಕತ್ತಾಳ!" ಎಂದು ಅವರಿಗೆ ಕೂಗಿ ಹೇಳಿ ನಿಲ್ಲದೆ ದಾಟಿದಳು. ಸೋಮೇಶ ಮಾಸ್ತರ ಬಾಯಿ ತೆರೆದುಕೊಂಡು ನಿಂತದ್ದು ಮಾತ್ರ ಕಣ್ಣಿಗೆ ಬಿತ್ತು.

ಹುಣಸೆ ಮರದ ಕೆಳಗೆ ಅವಳು ಬಂದಾಗ ಸಾವಕ್ಕ ಮುಟ್ಟಿ ಹತ್ತು ನಿಮಿಷವಾಗಿತ್ತು. ಮೈತುಂಬ ಗೀರು, ಒಂದು ಜಡೆ ಬಿಚ್ಚಿ, ಮೊಣಕಾಲವರೆಗೆ ಕೆಸರು. ಬುತ್ತಿಯ ಗಂಟು ಬಿಚ್ಚಿತ್ತು. ಬಾಯಿಯ ತುಂಬ ರೊಟ್ಟಿ ಇದ್ದ ಅವಳು ಓಡಿಬಂದ ಟೀಚರನ್ನು ನೋಡಿ ಅಗಿಯುವುದನ್ನು ನಿಲ್ಲಿಸಿದಳು.

"ಅಕ್ಕೋರ! ನಿಮಗ ಓಡಾಕ ಬರ್ತೈತಿ?"

ಅಮೀರಾ ಅವಳ ಮುಂದೆ ಉಸುಕಿನಲ್ಲಿ ಕೂತಳು. ಹುಡುಗಿಯ ಎರಡೂ ಪಾದಗಳನ್ನು ಕೈಯಲ್ಲಿ ತೆಗೆದುಕೊಂಡು ಮುಳ್ಳು ಹುಡುಕತೊಡಗಿದಳು. ತಲೆ ಎತ್ತಲಿಲ್ಲ. ಗವಿಸಿದ್ದಪ್ಪ ತಾನೇ ಹೇಳಿದ.

"ಎಲ್ಲಾರೂ ಹಳ್ಳದ ಕಡೆ ನೋಡ್ತಿದ್ವಿರಿ. ಇದು ಕೆಳಗಿಂದ ಬಂತು ನೋಡ್ರಿ, ಹೊಳಿ ಹಿಡಕೊಂಡು. ಹಗ್ಗ ಆಚಿ ಕಡಿಂದ ಮುಟ್ಟಿ, 'ಎಷ್ಟನೇಕಿ ರೀ?' ಅಂತು. ಕೇಳೂ ಮಾತೇನ್ರಿ ಅದು? ನನ್ನ ಜೀವ ಇಲ್ಲಿ ಅರ್ಧಾ ಹೋಗೇತಿ."

"ಹೊಳಿಗೆ ಬಂದ್ನೆರಿ, ಯಾರೂ ಇಲ್ಲ. ಕೆಳಗಿನ ಕಡೆ ತಾಸಗಟ್ಲೆ ಹುಡಿಕಿದೆ," ಎಂದಳು ಸಾವಕ್ಕ. "ಎಮ್ಮಿ ತೊಳಿಯಾವನ್ನ ಕೇಳಿದೆ, ಕಾಕಾ ಹಗ್ಗ ಎಲ್ಲೈತಿ ಅಂತ. ನನ್ನ ಎಮ್ಮಿ ಹಗ್ಗ ನಿಂಗ್ಯಾಕ ಅಂತ ಬೈದ. ಆಮ್ಯಾಲ ಮ್ಯಾಲಿನ ಕಡೆ ಸೀಟಿ ಕೇಳಿಸ್ತಿತ್ತು ಅಂದ. ಅಕ್ಕೋರ, ಪಟ್ಟಿ ಬಿಟ್ಟು ಒಂದು ಹೆಜ್ಜಿ ಆಚಿ ಹೋಗಿಲ್ರಿ ನಾ. ನೀವ ಕಟ್ಟಿದ್ದು ಮುಗದಮ್ಯಾಲ ಓಡೀನಿ."

"ಗೊತ್ತೈತಿ," ಎಂದಳು ಅಮೀರಾ. "ನಿಂದೇನೂ ತಪ್ಪಿಲ್ಲ."

ಹನಮಪ್ಪನಿಂದ ದರ್ಗಾದ ಕತೆ ಕೇಳಿಕೊಂಡು ಸೋಮೇಶ ಬಂದು ಮೇಜಿನ ಮುಂದೆ ಕೂತ. ಕಾಗದ ನೋಡಿದ. "ಮೂವತ್ತೊಂದನೇ ನಂಬರ," ಎಂದ.

"ನನ್ನ ಮುಂದ ಯಾರೂ ಇರಲಿಲ್ಲಲ್ರಿ ಸರ!"

"ಹಿಂದೂ ಯಾರೂ ಇಲ್ಲವಾ." ನಕ್ಕು, ಪೆನ್ನು ಮುಚ್ಚಿದ. "ಗುರ್ತು ಕೆಟ್ಟಿತ್ತು. ತಪ್ಪು ಹುಡಗೀದಲ್ಲ, ನಮ್ಮದು. ಮುಂದಿನ ಐತವಾರ ಎಲ್ಲಾರೂ ಇನ್ನೊಮ್ಮೆ ಓಡ್ರಿ. ಆದರ ಗದಗಿನ ಮೈದಾನದಾಗ. ಅಲ್ಲಿ ಯಾವ ಅಜ್ಜಾನೂ ಇಲ್ಲ."

ಶಿರಹಟ್ಟಿಯ ಸೀಮಾ ದೂರದಿಂದ, "ಆಕಿ ಮುಂದಿದ್ದರ ನಾ ಎರಡನೇದಾಕಿ. ಆರರಾಗ ಇರ್ತೀನಲ್ರಿ? ಓಡ್ಲಿ ತಗೋರಿ," ಎಂದಳು.

ಅಮೀರಾ ಕೊನೆಗೆ ತಲೆ ಎತ್ತಿ ಗವಿಸಿದ್ದಪ್ಪನ ಕಡೆ ನೋಡಿದಳು. "ನಿಮ್ಮ ಕೈಯಾಗ ತಂದು ಕೊಡ್ತೀನಿ ಅಂದಿದ್ದೆರಿ."

"ತಾನ ಬಂದೈತಿ ಬಿಡ್ರಿ," ಎಂದು ಅವನು ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಅವಳ ಕೈಗಿಟ್ಟ. "ಐತವಾರ ನಾನೂ ಬರ್ತೀನಿ. ಉಣ್ರಿ. ನೀವೂ ಓಡಿ ಬಂದೀರಿ."

ಅಮೀರಾ ಎರಡು ರೊಟ್ಟಿ ತಿಂದಳು.

ಮುಳಗುಂದದ ಮನೆಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಅಲ್ಮಾಸಬಿ ಮೊದಲು ಸೊಸೆಯ ಬರಿಗಾಲು ನೋಡಿದಳು, ಆಮೇಲೆ ಮುಖ. ಅಮೀರಾ ಹೊಸ್ತಿಲ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಅಷ್ಟು ಮಾತು ಅವಳ ಬಾಯಿಂದ ಬಂದು ಬಹಳ ದಿನವಾಗಿತ್ತು. ಪಟ್ಟಿ ಬಿಚ್ಚಿ ಎಡಕ್ಕೆ ಕಟ್ಟಿದ್ದನ್ನು ಹೇಳುವಾಗ ಅಲ್ಮಾಸಬಿಯ ತುಟಿ ಅದುರಿತು. 'ಯಾರರ ಬೆನ್ನ ಹತ್ಯಾರೇನು' ಎಂಬಲ್ಲಿಗೆ ಬಂದಾಗ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮುಚ್ಚಿದರೂ ನಗು ಹೊರಗೆ ಬಂತು.

"ದರ್ಗಾದ ಗುಡ್ಡಕ್ಕ ಹಸರ ಪಟ್ಟಿ ಕಟ್ಟಿ ಬಂದೀಯಲ್ಲ," ಎಂದಳು. "ಎಂ.ಎ. ಓದಿದಾಕಿ!"

"ಇನ್ನೊಂದು ತುದಿ ಹಿಡದವರು ಯಾರು? ನಿಮಗರ ಹೊಳಿಬೇಕಿತ್ತಿಲ್ಲ?"

ಅಲ್ಮಾಸಬಿ ನಗು ನಿಲ್ಲಿಸಿದಳು. ಸ್ವಲ್ಪ ಹೊತ್ತು ಸೊಸೆಯ ಪಾದದ ಗೀರುಗಳನ್ನೇ ನೋಡಿದಳು.

"ನಂಗೂ ಹೊಳೀಲಿಲ್ಲವಾ," ಎಂದಳು. "ನನ್ನ ತಲೀಗೆ ಈಗ ಯಾವುದು ಹೊಳೀತೈತಿ?"

ಬೀದಿಯಲ್ಲಿ ಯಾರದೋ ಆಡು ಕೂಗಿತು. ಅಲ್ಮಾಸಬಿ ಎದ್ದು ಒಳಗೆ ಹೋಗಿ, ಕಾಲಿಗೆ ಹಚ್ಚಲು ಕೊಬ್ಬರಿ ಎಣ್ಣೆ ತಂದಳು. ಇನ್ನೊಂದು ಕೈಯಲ್ಲಿ ಜರಿಯಂಚಿನ ಸುರುಳಿ ಇತ್ತು.

"ಬರೂ ಬೇಸ್ತವಾರ ನನ್ನನ್ನ ಅಲ್ಲಿಗೆ ಕರಕೊಂಡು ಹೋಗು. ಇದನ್ನೂ ಕಟ್ಟಿ ಬರೂಣು. ಅವರು ಪಾಪ ತಮ್ಮ ಸೆರಗ ಹರಕೊಂಡಾರ."

"ನಾವು ಹರಕಿ ಹೊತ್ತಿರಲಿಲ್ಲಲ್ಲ ಅಮ್ಮಾ."

"ಹೊತ್ತಿರಲಿಲ್ಲ," ಎಂದಳು ಅಲ್ಮಾಸಬಿ, ಎಣ್ಣೆಯನ್ನು ಅಂಗೈಯಲ್ಲಿ ಉಜ್ಜಿಕೊಳ್ಳುತ್ತ. "ಆದರ ಹುಡಗಿ ಬಂದ್ಲಲ್ಲ. ಕಾಲು ಇತ್ತಾಗ ಕೊಡು."